ಮೊದಲ ಒಬ್ಬೆ

"ಗುರುಗಳೇ, ದುಡ್ಡಿಗಿಂತ ದೇವರನ್ನು ಮುಂದಿಟ್ಟವನು ಎಂದು ಯಾರನ್ನು ಕರೆಯಬೇಕು?"

ಕೇಳಿದವನು ಚೌರಪ್ಪ. ಪೇಟೆಯಲ್ಲಿ ಅವನದೊಂದು ಕಬ್ಬಿಣದ ಸಾಮಾನಿನ ಅಂಗಡಿ. ಚಿಕ್ಕಂದಿನಲ್ಲಿ ತನಗೆ ಜಪ ಕಲಿಸಿದ ಉಪದೇಶಿ ಇನ್ನಾಸಪ್ಪನವರನ್ನು ಅವನು ಈಗಲೂ ಗುರುಗಳೇ ಎನ್ನುತ್ತಿದ್ದ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಜಗುಲಿಯಲ್ಲಿ ಅವರ ಪಕ್ಕ ಕೂರುವುದು ಅವನ ರೂಢಿ. ಅಂದು ಪ್ರಶ್ನೆ ಕೇಳಿ, ಉತ್ತರವನ್ನೂ ತಾನೇ ಕೊಟ್ಟುಕೊಂಡ.

"ದಿನಾ ಬೆಳಗ್ಗೆ ಬೀಗದ ಕೈ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತೇನೆ. ಗಿರಾಕಿ ಚೆನ್ನಾಗಿ ಬರಲಿ ಎಂದು ಮೊದಲು ಪ್ರಾರ್ಥನೆ, ಆಮೇಲೆ ಬೀಗ. ಒಂದು ದಿನವೂ ತಪ್ಪಿಸಿದವನಲ್ಲ. ನಾನು ಆ ಸಾಲಿಗೆ ಸೇರಿದ ಹಾಗಲ್ಲವೇ?"

"ಸೇರಿಸೋಣ, ಅವಸರವೇನು? ಅಷ್ಟರಲ್ಲಿ ಒಂದು ಕತೆ ಕೇಳು" ಎಂದರು ಇನ್ನಾಸಪ್ಪನವರು.

ಒಂದು ಊರಿನಲ್ಲಿ ಒಬ್ಬ ಬೇಕರಿಯವನಿದ್ದ. ಒಳ್ಳೆಯ ಮನುಷ್ಯ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಹುಡುಕಬೇಡ. ಬೇಕರಿ ತೆರೆದ ದಿನವೇ ಅವನು ಒಂದು ಹರಕೆ ಹೊತ್ತ. ಪ್ರತಿದಿನ ಭಟ್ಟಿಯಿಂದ ಬರುವ ಮೊದಲ ಒಬ್ಬೆ ದೇವರದು. ಮಾರಾಟವೇನಿದ್ದರೂ ಅದರ ನಂತರ. ಒಬ್ಬೆಗೆ ಅರವತ್ತು ಬನ್ನು. ಚರ್ಚಿನ ಹಿಂದಿನ ವೃದ್ಧಾಶ್ರಮದಲ್ಲಿ ಮೂವತ್ತು ಮಂದಿ ಮುದುಕ ಮುದುಕಿಯರಿದ್ದರು. ತಲೆಗೆ ಎರಡೆರಡರಂತೆ ಆ ಒಬ್ಬೆ ಪೂರಾ ಅವರಿಗೆ ಹೋಗುತ್ತಿತ್ತು. ಹನ್ನೊಂದು ವರ್ಷ ಅವನು ಆ ಮಾತಿಗೆ ತಪ್ಪಲಿಲ್ಲ. 'ಮೊದಲ ಒಬ್ಬೆ ದೇವರಿಗೆ' ಎಂದು ಅಂಗಡಿಯಲ್ಲಿ ಬೋರ್ಡು ತೂಗುಹಾಕಿದ. ಚರ್ಚಿನ ಹಬ್ಬದಲ್ಲಿ ಪಾದ್ರಿಗಳು ಅವನಿಗೆ ಶಾಲು ಹೊದಿಸಿದರು. ನೀನಾಗಿದ್ದರೂ ಹೊದಿಸಿಕೊಳ್ಳುತ್ತಿದ್ದೆ.

ಎರಡನೆಯ ಒಬ್ಬೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ. ಬೆಳಗಿನ ಆರು ಗಂಟೆಯ ಬಸ್ಸಿಗೆ ಮೊದಲು ಅದು ಅಲ್ಲಿರಬೇಕು. ಬೇಕರಿಯ ಅರ್ಧ ಆದಾಯ ಆ ಒಂದು ಹೋಟೆಲಿನಿಂದಲೇ. ಅದನ್ನು ನೆಚ್ಚಿಕೊಂಡು ಅವನು ಸ್ವಂತ ಮನೆ ಕಟ್ಟಿಸಲು ಶುರುಮಾಡಿದ್ದ. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಸಂಜೆಯಾದರೆ ಹೆಂಡತಿ ಅದರೊಳಗೆ ನಿಂತು, ಒಲೆ ಇಲ್ಲಿ, ಕಿಟಕಿ ಅಲ್ಲಿ ಎಂದು ತೋರಿಸುತ್ತಿದ್ದಳು.

ಒಂದು ದಿನ ಬನ್ನು ಒಯ್ಯುವ ಆಶ್ರಮದ ಆಳು ಜ್ವರ ಬಂದು ಮಲಗಿದ. ಬೇಕರಿಯವನು ತಾನೇ ತಟ್ಟೆ ಹೊತ್ತು ಹೊರಟ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಬನ್ನು ಹಂಚಿ, ಹೋಗುವ ಮುಂಚೆ ಬಾಗಿಲ ಬಳಿ ನಿಂತ. ಜನ ಖುಷಿಪಡುವುದನ್ನು ನೋಡಬೇಕೆಂಬ ಆಸೆ ಯಾರಿಗಿಲ್ಲ?

ಹಲ್ಲಿಲ್ಲದ ಒಬ್ಬ ಮುದುಕಿ ಅವನಿಗೆ ಬೆನ್ನು ಹಾಕಿ ಕುಳಿತಿದ್ದಳು. ಅವಳ ಕೈಯಲ್ಲಿ ಒಂದು ಚಮಚ. ಬನ್ನನ್ನು ಬೋರಲು ತಿರುಗಿಸಿ, ತಳವನ್ನು ಪರಪರ ಕೆರೆಯತೊಡಗಿದಳು. ಕರಿ ಪುಡಿ ಮಡಿಲಿಗೆ ಉದುರಿತು. ಪಕ್ಕದವಳೂ ಕೆರೆಯುತ್ತಿದ್ದಳು. ಸಾಲು ಸಾಲಾಗಿ ಎಲ್ಲರೂ ಕೆರೆಯುತ್ತಿದ್ದರು. ಕೆರೆದು ಮುಗಿದ ಮೇಲೆ ಮುದುಕಿ ಶಿಲುಬೆಯ ಗುರುತು ಹಾಕಿಕೊಂಡಳು.

"ಸ್ವಾಮಿ, ನಿನಗೆ ಸ್ತೋತ್ರ. ಈ ಬನ್ನು ಕೊಟ್ಟ ಮಗನ ಹೊಟ್ಟೆ ತಣ್ಣಗಿರಲಿ. ನಿದ್ದೆಗೆಟ್ಟು ನಮ್ಮ ಪಾಲನ್ನೇ ಮೊದಲು ಬೇಯಿಸುತ್ತಾನೆ. ಅವನ ಭಟ್ಟಿ ಆರದ ಹಾಗೆ ನೋಡಿಕೋ."

ಬೇಕರಿಯವನು ಹತ್ತಿರ ಬಂದು ಅವಳ ಮಡಿಲಿನ ಕರಿ ಪುಡಿ ನೋಡಿದ. ಭಟ್ಟಿಯ ಗುಣ ಅವನಿಗೆ ಗೊತ್ತಿಲ್ಲದ್ದೇನಲ್ಲ. ಸೌದೆ ಉರಿದು, ಕೆಂಡ ಈಚೆಗೆ ಎಳೆದಾಗ, ಹೊಸದಾಗಿ ಕಾದ ಕಲ್ಲು ಯಾರ ಮಾತೂ ಕೇಳುವುದಿಲ್ಲ. ಮೊದಲ ಒಬ್ಬೆಯ ತಳ ಸೀಯಲೇಬೇಕು. ನಿನ್ನ ಮನೆಯಲ್ಲಿ ಮೊದಲ ದೋಸೆ ಹೇಗೋ, ಹಾಗೆ. ಅದು ಉರಿಯನ್ನೆಲ್ಲ ಹೀರಿಕೊಂಡ ಮೇಲೆ ಎರಡನೆಯ ಒಬ್ಬೆ ಹದವಾಗಿ ಕೆಂಪಗೆ ಬೇಯುತ್ತದೆ. ಮೂರನೆಯದರ ಹೊತ್ತಿಗೆ ಕಲ್ಲು ತಣಿದು, ಬನ್ನು ಬಿಳಿಚಿಕೊಂಡು, ರಸ್ಕಿಗಷ್ಟೇ ಆಗುತ್ತದೆ. ಇದೆಲ್ಲ ಅವನು ಬಲ್ಲ. ಬಲ್ಲದ್ದನ್ನು ನೆನೆಯುತ್ತಿರಲಿಲ್ಲ, ಅಷ್ಟೇ.

ಅವನು ಮುದುಕಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. "ಅಮ್ಮಾ, ಇಷ್ಟು ವರ್ಷ ಒಬ್ಬರಾದರೂ ನನಗೆ ಹೇಳಬಾರದಿತ್ತೇ?"

"ಉಂಡ ಮನೆಯ ಜಂತೆ ಎಣಿಸುತ್ತಾರೇನಪ್ಪ? ಕೆರೆದರೆ ಹೋಗುತ್ತೆ. ಒಳಗೆ ಮೆತ್ತಗೇ ಇರುತ್ತೆ, ತಗೋ, ನೋಡು" ಎಂದು ಅವಳು ಕೆರೆದ ಬನ್ನನ್ನು ಅರ್ಧ ಮುರಿದು ಅವನ ಕೈಗಿಟ್ಟಳು. ಅವನು ಅದನ್ನು ಅಲ್ಲೇ ಕುಳಿತು ತಿಂದ.

ಮರುದಿನ ಎರಡನೆಯ ಒಬ್ಬೆ ಆಶ್ರಮಕ್ಕೆ ಹೋಯಿತು. ಹೋಟೆಲಿಗೆ ಮೊದಲನೆಯದು. ಹೋಟೆಲಿನ ಯಜಮಾನ ಒಂದು ಬನ್ನನ್ನು ತಿರುಗಿಸಿ ನೋಡಿದ. ನೋಡುವುದಕ್ಕೆ ಅವನಿಗೆ ಹನ್ನೊಂದು ವರ್ಷ ಬೇಕಾಗಲಿಲ್ಲ.

"ಇದೇನಪ್ಪ ಇದು? ನನ್ನ ಗಿರಾಕಿಗಳು ಕರಕಲು ತಿನ್ನುವುದಿಲ್ಲ. ನಾಳೆಯಿಂದ ಮೊದಲಿನ ಹಾಗೇ ಕೊಡುವುದಾದರೆ ಕೊಡು. ಇಲ್ಲದಿದ್ದರೆ ಬೇರೆ ಬೇಕರಿ ನೋಡಿಕೊಳ್ಳುತ್ತೇನೆ."

ಬೇಕರಿಯವನ ಕಣ್ಣ ಮುಂದೆ ಎದೆಮಟ್ಟದ ಗೋಡೆ ಬಂತು. ಅದರೊಳಗೆ ನಿಂತು ಕಿಟಕಿ ತೋರಿಸುವ ಹೆಂಡತಿಯೂ ಬಂದಳು. ಆದರೂ ಹೇಳಿದ.

"ನಿಮ್ಮ ಮಾತು ನ್ಯಾಯವೇ ಸ್ವಾಮಿ. ನಿಮ್ಮ ಗಿರಾಕಿಗೆ ಆಗದ್ದನ್ನು ನಾನು ಇಷ್ಟು ವರ್ಷ ದೇವರಿಗೆ ಕೊಟ್ಟೆ. ಇನ್ನು ನನ್ನಿಂದಾಗದು."

ಹೋಟೆಲು ಹೋಯಿತು. ಗೋಡೆ ಎದೆಮಟ್ಟದಲ್ಲೇ ನಿಂತಿತು. ಸೀದ ಒಬ್ಬೆಯನ್ನು ಅವನು ಸೀದಿದೆ ಎಂದು ಹೇಳಿಯೇ ಅರ್ಧ ಬೆಲೆಗೆ ಮಾರಿದ. ಮಾರಿ ಉಳಿದದ್ದು ಮನೆಗೆ ಬಂತು. ಗಂಡ ಹೆಂಡತಿ ಒಂದೊಂದು ಚಮಚ ಹಿಡಿದು ಕೆರೆಯಲು ಕುಳಿತರು. ಕೆರೆದಾದ ಮೇಲೆ ಅವನು ಶಿಲುಬೆಯ ಗುರುತು ಹಾಕಿಕೊಂಡ. ಹೆಂಡತಿಗೆ ತಡೆಯಲಾಗಲಿಲ್ಲ.

"ಹೋಟೆಲು ಹೋಯಿತು, ಮನೆ ಅರ್ಧಕ್ಕೆ ನಿಂತಿತು, ತಟ್ಟೆಯಲ್ಲಿ ಕರಕಲು. ಯಾವ ಭಾಗ್ಯಕ್ಕೆ ಸ್ತೋತ್ರ ಹೇಳುತ್ತೀರಿ?"

ಅವನು ಬನ್ನನ್ನು ಬೋರಲು ಮಾಡಿ ತೋರಿಸಿದ. "ಇದಕ್ಕೇ ಕಣೇ. ಹೋಟೆಲಿನವರು ಒಂದು ದಿನವೂ ತಾಳಲಿಲ್ಲ. ದೇವರು ಹನ್ನೊಂದು ವರ್ಷ ಇದನ್ನೇ ಇಸಿದುಕೊಂಡ. ಒಂದು ದಿನವಾದರೂ ಬೇಡ ಎನ್ನಲಿಲ್ಲವಲ್ಲ."

ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿ ಬಂತು. ಹೆಂಡತಿ ಆ ಬನ್ನನ್ನು ಅವನ ಕೈಯಿಂದ ತೆಗೆದುಕೊಂಡಳು. ಆಮೇಲೆ ಅವಳೂ ಶಿಲುಬೆಯ ಗುರುತು ಹಾಕಿಕೊಂಡಳು. ಇಬ್ಬರೂ ಹೊಟ್ಟೆ ತುಂಬ ತಿಂದರು. ಅಂಗಡಿಯ ಬೋರ್ಡನ್ನು ಅವನು ಮರುದಿನ ಇಳಿಸಿದ. ಸೌದೆ ಕಡಿಮೆಯಿದ್ದ ಒಂದು ಬೆಳಗ್ಗೆ ಅದನ್ನೂ ಭಟ್ಟಿಗೆ ಹಾಕಿದ.

ಇನ್ನಾಸಪ್ಪನವರು ಕತೆ ನಿಲ್ಲಿಸಿದರು. ಚೌರಪ್ಪನಿಗೆ ವ್ಯಾಪಾರಿಯ ಸಂದೇಹವೊಂದು ಉಳಿದಿತ್ತು.

"ಆ ಹೋಟೆಲಿನವನು ಆಮೇಲೆ ಮನಸ್ಸು ಬದಲಿಸಿ ಬಂದಿರಬೇಕಲ್ಲವೇ, ಗುರುಗಳೇ?"

"ಬಂದಿದ್ದರೆ ಕತೆ ನಿನಗೆ ಇನ್ನೂ ಹಿಡಿಸುತ್ತಿತ್ತು. ಏನು ಮಾಡಲಿ, ಬರಲಿಲ್ಲ. ಮನೆಯನ್ನು ಏಳೆಂಟು ವರ್ಷ ಬಿಟ್ಟು ಕಟ್ಟಿದರು. ಸಣ್ಣದಾಗಿ ಕಟ್ಟಿದರು."

ಚೌರಪ್ಪ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಬೆರಳಿನಲ್ಲಿ ತಿರುಗಿಸುತ್ತಾ ಕುಳಿತ. "ಬೇಕರಿಯವನ ವಿಷಯ ಸರಿ" ಎಂದ. "ನಾನು ಕೊಡುವುದು ಬನ್ನಲ್ಲ, ಪ್ರಾರ್ಥನೆ. ಅದರಲ್ಲಿ ಸೀಯುವುದೇನಿದೆ?"

ಇನ್ನಾಸಪ್ಪನವರು ಊರುಗೋಲು ಹಿಡಿದು ಎದ್ದರು. ಒಂದು ಮೆಟ್ಟಿಲು ಇಳಿದು ಹಿಂದಿರುಗಿ ನೋಡಿದರು. ಚೌರಪ್ಪನ ಬೆರಳು ನಿಂತಿತು.

"ನಾಳೆ ಬೆಳಗ್ಗೆ ಬೀಗ ತೆಗೆಯುವ ಮುನ್ನ, ಮಾಡಿದ ಪ್ರಾರ್ಥನೆಯನ್ನು ಒಮ್ಮೆ ಬೋರಲು ತಿರುಗಿಸಿ ತಳ ನೋಡು, ಚೌರಪ್ಪ."