ರೇಷ್ಮೆ ಪಟ್ಟಿಯ ಚೀನೀ ಮಾತು

"ಚೀನೀ ಭಾಷೆಯೇ? ಅದು ನನಗೆ ನಾಲ್ಕನೆಯದು," ಅಂದುಬಿಟ್ಟರು ಪಂಡಿತ ಕೇಶವಯ್ಯ.

ಒಟ್ಟು ಹದಿನೆಂಟು ಬಲ್ಲೆ ಅಂತ ಅವರು ಮೊದಲೇ ಸಾರಿಕೊಂಡಿದ್ದರು. ಅದರಲ್ಲಿ ಹದಿನಾರನ್ನು ಪರೀಕ್ಷೆ ಮಾಡುವವರು ತೆರೆಕಟ್ಟೆಯಲ್ಲಿ ಯಾರೂ ಇರಲಿಲ್ಲ.

ತೆರೆಕಟ್ಟೆ ಸಣ್ಣ ಬಂದರು. ಅದಕ್ಕೆ ತಕ್ಕ ಸಣ್ಣ ರಾಜ, ಬೊಮ್ಮರಸ. ಆ ವರ್ಷ ಬಂದ ಚೀನೀ ಹಡಗಿನ ಯಜಮಾನ ರಾಜನಿಗೆ ಒಂದು ಪೆಟ್ಟಿಗೆ ಕಾಣಿಕೆ ಕೊಟ್ಟಿದ್ದ. ಒಳಗೆ ಇಪ್ಪತ್ತನಾಲ್ಕು ರೇಷ್ಮೆ ಪಟ್ಟಿ, ಒಂದೊಂದರ ಮೇಲೂ ಅವರ ನಾಡಿನ ಒಂದೊಂದು ಗಾದೆ. "ನಮ್ಮ ಅಜ್ಜಿಯರು ಒಲೆ ಮುಂದೆ ಕೂತು ಹೇಳೋ ಮಾತು," ಎಂದು ದುಭಾಷಿಯ ಬಾಯಲ್ಲಿ ಹೇಳಿಸಿದ. ನಾಲ್ಕು ಪಟ್ಟಿಯ ಅರ್ಥ ಬಿಡಿಸುವಷ್ಟರಲ್ಲಿ ಗಾಳಿ ತಿರುಗಿತು. ಹಡಗು ಹೊರಟಿತು, ದುಭಾಷಿಯೂ ಹೋದ.

ಉಳಿದ ಇಪ್ಪತ್ತು ಕೇಶವಯ್ಯನವರ ಪಾಲಿಗೆ ಬಂದವು.

ರಾಜನಿಗೆ ವೀಳ್ಯ ಮಡಚಿಕೊಡುವ ಕುಪ್ಪಣ್ಣ ಸಿಂಹಾಸನದ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ದುಭಾಷಿ ಹೇಳಿದ ನಾಲ್ಕೂ ಮಾತು ಬಾವಿ ತೋಡುವುದು, ಗಿಡ ನೆಡುವುದು, ನೆರೆಮನೆಯವರ ಜೊತೆ ಹೊಂದಿಕೊಳ್ಳುವುದು, ಅನ್ನ ಚೆಲ್ಲದಿರುವುದು, ಇಂಥವೇ. ಕೇಶವಯ್ಯನವರ ಓದಿನ ಧಾಟಿಯೇ ಬೇರೆ. ಐದನೆಯ ಪಟ್ಟಿ ಪಂಡಿತನಿಗೆ ಪಲ್ಲಕ್ಕಿ ಕೊಡಿ ಅಂದಿತು. ಆರನೆಯದು ಆ ಪಲ್ಲಕ್ಕಿಗೆ ಮೆತ್ತೆ ಹಾಕಿಸಿ ಅಂದಿತು. ರಾಜ ಎರಡನ್ನೂ ಕೊಡಿಸಿದ.

ಚೀನಾದ ಅಜ್ಜಿಯರಿಗೆ ಇವರ ಸೊಂಟನೋವು ಹೇಗೆ ಗೊತ್ತಾಯಿತು ಅಂತ ಕುಪ್ಪಣ್ಣ ಅಡಿಕೆ ಕತ್ತರಿಸುತ್ತ ಯೋಚಿಸಿದ.

ಏಳನೆಯ ಪಟ್ಟಿ ಬಂತು. "ಊರಿನ ಸಿಹಿನೀರಿನ ಕೆರೆ ಪಂಡಿತನ ಹೂದೋಟದೊಳಗೆ ಇರತಕ್ಕದ್ದು," ಎಂದು ಓದಿದರು ಕೇಶವಯ್ಯ.

ಆ ಕೆರೆಯಲ್ಲಿ ಮಡಿವಾಳರ ಹೊನ್ನವ್ವನೂ ಅವಳ ಕಡೆಯ ಏಳು ಮನೆಯವರೂ ಊರಿನ ಬಟ್ಟೆ ಒಗೆಯುತ್ತಿದ್ದರು. ಮಿಕ್ಕ ಕಡೆ ಎಲ್ಲ ಉಪ್ಪುನೀರು. ಕೆರೆ ಹೋದರೆ ಅವರು ಊರು ಬಿಡಬೇಕು.

"ಪ್ರಭು, ಈ ಓದು ಯಾಕೋ ಸರಿಯಾದ ಹಾಗಿಲ್ಲ," ಅಂದೇಬಿಟ್ಟ ಕುಪ್ಪಣ್ಣ.

"ನಿನಗೆ ಚೀನೀ ಬರುತ್ತೇನೋ?" ಕೇಶವಯ್ಯ ಕೇಳಿದರು.

"ಇಲ್ಲ ಸ್ವಾಮಿ."

"ಎಲೆಗೆ ಸುಣ್ಣ ಹಚ್ಚೋ ಕೈ ಅದು. ಅಷ್ಟು ಮಾಡಿಕೊಂಡಿರು."

ರಾಜ ಇಬ್ಬರನ್ನೂ ನೋಡಿದ. "ಕುಪ್ಪಣ್ಣ, ನಾಳೆ ಮಧ್ಯಾಹ್ನದೊಳಗೆ ಪಂಡಿತರ ಓದು ತಪ್ಪು ಅಂತ ತೋರಿಸು. ಆಗಲಿಲ್ಲವೋ, ಕೆರೆ ಅವರದ್ದು, ನೀನು ಊರಾಚೆ."

ಚೀನೀ ಬಲ್ಲ ಇನ್ನೊಬ್ಬ ಬೇಕಾದರೆ ಮುಂದಿನ ವರ್ಷದ ಗಾಳಿಗೆ ಕಾಯಬೇಕು. ಕುಪ್ಪಣ್ಣ ಕೆರೆಯ ಕಡೆ ನಡೆದ.

ಹೊನ್ನವ್ವ ಒಗೆದ ರಾಶಿಯನ್ನು ಮನೆಮನೆಗೆ ಬೇರೆ ಮಾಡುತ್ತಿದ್ದಳು. ಸುದ್ದಿ ಕೇಳಿ, "ಅಯ್ಯೋ ನನ್ನಪ್ಪ, ನನ್ನ ಕೆರೆ ಉಳಿಸೋಕೆ ಹೋಗಿ ನಿನ್ನ ಎಲೆತಟ್ಟೆಯನ್ನೂ ಕಳಕೊಂಡ್ಯಾ?" ಅಂದಳು.

"ಇನ್ನೂ ಕಳಕೊಂಡಿಲ್ಲ ಅಕ್ಕ. ಅದಿರಲಿ, ಎಲ್ಲಾ ಬಿಳಿ ಪಂಚೆ. ಯಾರದು ಯಾವುದು ಅಂತ ನಿನಗೆ ಹೇಗೆ ತಿಳಿಯುತ್ತೆ?"

"ಗುರುತು ಹಾಕಿರ್ತೀವಲ್ಲ." ಅವಳು ಒಂದು ಪಂಚೆಯ ಮೂಲೆ ಮಗುಚಿ ತೋರಿಸಿದಳು. ಗೇರುಕಾಯಿಯ ರಸದಲ್ಲಿ ಬರೆದ ಕಪ್ಪು ಗುರುತು: ಒಂದು ನೆಟ್ಟಗೆರೆ, ಅದಕ್ಕೊಂದು ಕೊಕ್ಕೆ, ಪಕ್ಕದಲ್ಲಿ ಎರಡು ಚುಕ್ಕೆ. "ಎಷ್ಟು ಸಲ ಉಬ್ಬೆಗೆ ಹಾಕಿ ಬೇಯಿಸಿದರೂ ಹೋಗಲ್ಲ. ಮನೆಗೊಂದು ಗುರುತು. ಇದು ನಿನ್ನ ಪಂಡಿತರ ಮನೇದು."

ಕುಪ್ಪಣ್ಣ ಬಗ್ಗಿ ನೋಡಿದ. "ಅವರು ಇದನ್ನ ನೋಡಿಲ್ಲವಾ?"

"ಉಡೋರು ಯಾರು ನೋಡ್ತಾರೆ? ಸೊಂಟಕ್ಕೆ ಸಿಕ್ಕಿಸ್ಕೋತಾರೆ, ಹೋಗ್ತಾರೆ."

"ಅಕ್ಕ, ಈ ಪಂಚೆ ಒಂದು ದಿನ ನನ್ನ ಹತ್ತಿರ ಇರಲಿ."

"ಹರಿದೀಯೆ ಮತ್ತೆ! ನನ್ನ ಚರ್ಮ ಸುಲೀತಾರೆ."

"ಮಡಿಕೆಯನ್ನೂ ಕೆಡಿಸಲ್ಲ. ನಾಳೆ ನೀನೂ ಬಾ."

ಮರುದಿನ ಕುಪ್ಪಣ್ಣ ಎಲೆತಟ್ಟೆಯ ಮೇಲೆ ಒಂದು ಮಡಿಕೆಬಟ್ಟೆ ಇಟ್ಟುಕೊಂಡು ಸಭೆಗೆ ಬಂದ. ಮೇಲೊಂದು ಕೆಂಪು ವಸ್ತ್ರ ಮುಚ್ಚಿತ್ತು. ಅಂಗೈಯಗಲದ ಮೂಲೆ ಮಾತ್ರ ಹೊರಗೆ ಕಾಣುತ್ತಿತ್ತು.

"ಪ್ರಭು, ಇದರ ಮೇಲೆ ಏನೋ ಬರೆದಿದೆ. ಯಾವ ಭಾಷೆಯೋ, ನನಗೆ ಓದಲಾಗಲಿಲ್ಲ. ಪಂಡಿತರು ಓದಿ ಹೇಳಿದರೆ ನಾನು ಸೋತೆ ಅಂತ ಒಪ್ಪಿಕೊಂಡು ಹೊರಡುತ್ತೇನೆ."

ಕೇಶವಯ್ಯ ಬಗ್ಗಿದರು. ಗೆರೆ, ಕೊಕ್ಕೆ, ಚುಕ್ಕೆ. "ಚೀನೀಯೇ. ಸ್ವಲ್ಪ ಹಳೆಯ ಚೀನೀ. ಈ ಬಟ್ಟೆ ಯಾರದಯ್ಯಾ?"

"ನನ್ನ ಕೈಯಲ್ಲಿದೆಯಲ್ಲ ಸ್ವಾಮಿ, ನೋಡುತ್ತಿದ್ದೀರಲ್ಲ."

ಕೇಶವಯ್ಯನವರ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು ಓದಿದರು: "ಈ ಬಟ್ಟೆಯ ಒಡೆಯ ಮಹಾ ಮೋಸಗಾರ. ದೊರೆಗಳ ಅನ್ನ ತಿಂದು ದೊರೆಗಳಿಗೇ ಸುಳ್ಳು ಹೇಳುವವನು. ಇವನನ್ನು ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರು ದಾಟಿಸತಕ್ಕದ್ದು."

"ಇಷ್ಟೆಲ್ಲ ಇಷ್ಟೇ ಜಾಗದಲ್ಲಿ ಬರೆದಿದ್ದಾರಾ?" ರಾಜ ಕೇಳಿದ.

"ಚೀನೀಯರು ಮಿತಭಾಷಿಗಳು, ಪ್ರಭು."

"ಇನ್ನೊಂದು ಸಲ ನೋಡಿಬಿಡಿ ಸ್ವಾಮಿ," ಅಂದ ಕುಪ್ಪಣ್ಣ. "ನನ್ನ ಬದುಕಿನ ಪ್ರಶ್ನೆ. ಒಡೆಯ ಅಂತಲೇ ಇದೆಯಾ?"

"ಒಡೆಯ ಅಂತಲೇ ಇದೆ! ಈ ಎರಡು ಚುಕ್ಕೆಯೇ ಒಡೆಯ!"

ಕುಪ್ಪಣ್ಣ ಕೆಂಪು ವಸ್ತ್ರ ತೆಗೆದು ಬಾಗಿಲ ಕಡೆ ತಿರುಗಿದ. "ಹೊನ್ನವ್ವಕ್ಕ, ಇದು ಯಾರದು?"

ಹೊನ್ನವ್ವ ಬಾಗಿಲಲ್ಲೇ ಕೈಮುಗಿದಳು. "ಕೇಶವಯ್ಯನೋರ ಪಂಚೆ, ಸ್ವಾಮಿ. ನಾನೇ ಹಾಕಿದ ಗುರುತು. ಈಗ ಉಟ್ಟಿದ್ದಾರಲ್ಲ, ಅದರ ಮೂಲೇಲೂ ಐತೆ. ನೋಡ್ಕೋಬೋದು."

ಸಭೆಯೆಲ್ಲ ಪಂಡಿತರ ಸೊಂಟ ನೋಡಿತು. ಪಂಡಿತರೂ ನೋಡಿಕೊಂಡರು. ನೆಟ್ಟಗೆರೆ, ಕೊಕ್ಕೆ, ಎರಡು ಚುಕ್ಕೆ.

ರಾಜನ ಮೀಸೆ ಅದುರುತ್ತಿತ್ತು. "ಹಾಗಾದರೆ ಕುಪ್ಪಣ್ಣ, ಪಂಡಿತರ ಓದು ತಪ್ಪು ಅಂತಾಯಿತೋ?"

"ಛೆ ಛೆ, ಇಲ್ಲ ಪ್ರಭು," ಅಂದ ಕುಪ್ಪಣ್ಣ. "ಇಷ್ಟು ದಿನದಲ್ಲಿ ಇದೊಂದನ್ನೇ ಅವರು ಸರಿಯಾಗಿ ಓದಿದ್ದು."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆರೆ ಮಡಿವಾಳರಿಗೇ ಉಳಿಯಿತು. ಪೆಟ್ಟಿಗೆಗೆ ಬೀಗ ಬಿತ್ತು, ಮುಂದಿನ ಹಡಗು ಬರುವ ತನಕ. ಪಂಡಿತರ ವಿಷಯದಲ್ಲಿ ಅವರೇ ಓದಿದ ಪ್ರಕಾರ ನಡೆಯಲಿ ಅಂತ ಅಪ್ಪಣೆಯಾಯಿತು.

"ಕತ್ತೆ ಕೊಡ್ತೀನಿ ಸ್ವಾಮಿ," ಅಂದಳು ಹೊನ್ನವ್ವ, "ಆದ್ರೆ ಸಂಜೆಗೆ ವಾಪಸು ಬೇಕು. ನಾಳೆ ಉಬ್ಬೆ ಐತೆ."

"ನಿನಗೇನು ಬೇಕೋ ಕೇಳು," ಅಂದ ರಾಜ ಕುಪ್ಪಣ್ಣನಿಗೆ.

ಕುಪ್ಪಣ್ಣ ಸೊಂಟ ನೀವಿಕೊಂಡ. "ಆ ಆರನೆಯ ಪಟ್ಟಿಯ ಮೆತ್ತೆ ಇದೆಯಲ್ಲ ಪ್ರಭು, ಅದನ್ನು ಕೊಡಿಸಿ. ನಿಂತೂ ನಿಂತೂ ನನಗೂ ಸೊಂಟ ನೋಯುತ್ತೆ. ಚೀನಾದ ಅಜ್ಜಿಯರು ನನ್ನನ್ನು ಮರೆತೇಬಿಟ್ಟಿದ್ದಾರೆ."