ಓತಿಕ್ಯಾತನ ಕೆಂಪು ಕತ್ತು

ಲೋಕ ಆಗಷ್ಟೇ ಹುಟ್ಟಿತ್ತು, ಬಂಡೆಗಳು ಇನ್ನೂ ಗಟ್ಟಿಯಾಗುತ್ತಿದ್ದವು. ಆ ಕಾಲದಲ್ಲಿ ಓತಿಕ್ಯಾತನಿಗೆ ಸಿಟ್ಟು ಬಂದರೆ ಬಾಲದಿಂದ ಮೂತಿಯವರೆಗೆ ಮೈಯೆಲ್ಲ ಕೆಂಪಾಗುತ್ತಿತ್ತು.

ಸಿಟ್ಟಿಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ನೊಣ ತಪ್ಪಿಸಿಕೊಂಡರೆ ಸಿಟ್ಟು. ಬಿಸಿಲಿಗೆ ಮೋಡ ಅಡ್ಡ ಬಂದರೆ ಸಿಟ್ಟು. ಬಾಲದ ತುದಿಯಲ್ಲಿ ಬಿಸಿ ಹುಟ್ಟಿ, ಹೊಟ್ಟೆಗೇರಿ, ಕತ್ತಿಗೇರಿ, ಬಾಯಿಗೆ ಬಂದುಬಿಡುತ್ತಿತ್ತು. ಬಾಯಿಗೆ ಬಂದ ಮೇಲೆ ಮುಗಿಯಿತು, ಎದುರಿಗೆ ಏನಿದ್ದರೂ ಕಚ್ಚುತ್ತಿದ್ದ. ಒಮ್ಮೆ ಬಂಡೆಯನ್ನೇ ಕಚ್ಚಿ ಹಲ್ಲು ನೋಯಿಸಿಕೊಂಡಿದ್ದ. ಕಚ್ಚಿದ ಮೇಲೆ, ಪಾಪ, ಒಬ್ಬನೇ ಕೂತು ಅಳುತ್ತಿದ್ದ.

ಅವನನ್ನು ಕಂಡರೆ ಎಲ್ಲರೂ ದೂರ ಸರಿಯುತ್ತಿದ್ದರು. ಮಾತಾಡಿಸುತ್ತಿದ್ದವಳು ಸಿಂಪಿಗ ಹಕ್ಕಿ ಒಬ್ಬಳೇ. ಅತ್ತಿ ಮರದ ತಗ್ಗಿನ ಕೊಂಬೆಯಲ್ಲಿ ಎಲೆಯ ಅಂಚುಗಳನ್ನು ಹತ್ತಿಯ ಎಳೆಯಿಂದ ಹೊಲಿದು ಅವಳು ಗೂಡು ಮಾಡಿಕೊಂಡಿದ್ದಳು.

"ಬಾರೋ ಕ್ಯಾತ, ಬುಡದಲ್ಲಿ ಇರುವೆ ಸಾಲು ಹೊರಟಿದೆ, ಹೊಟ್ಟೆ ತುಂಬಾ ತಿನ್ನು" ಎಂದು ಕರೆಯುತ್ತಿದ್ದಳು.

ಒಂದು ಬೆಳಿಗ್ಗೆ ಓತಿಕ್ಯಾತ ಆ ಕೊಂಬೆಯ ಮೇಲೆ ದಪ್ಪನೆಯ ಮಿಡತೆಗೆ ಹೊಂಚು ಹಾಕಿ ಕೂತಿದ್ದ. ಅಷ್ಟರಲ್ಲಿ ಸಿಂಪಿಗಕ್ಕ ಮರಿಗಳಿಗೆ ಹುಳು ತೆಗೆದುಕೊಂಡು ಪುರ್ರನೆ ಬಂದಿಳಿದಳು. ಮಿಡತೆ ಹಾರಿಹೋಯಿತು.

ಬಿಸಿ ಏರಿತು. ಹೊಟ್ಟೆ, ಕತ್ತು, ಬಾಯಿ. ಕಚ್ಚಿಯೇಬಿಟ್ಟ. ಕಚ್ಚಿದ್ದು ಗೂಡಿನ ಹೊಲಿಗೆಯನ್ನು.

ಎಳೆ ಕಿತ್ತು ಎಲೆ ಬಿಚ್ಚಿಕೊಂಡಿತು. ಇನ್ನೂ ಕಣ್ಣು ಬಿಡದ ಮರಿಗಳು ಅಂಚಿಗೆ ಜಾರಿದವು. ಸಿಂಪಿಗಕ್ಕ ಬಿಚ್ಚಿದ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದಳು. ಹಿಡಿದುಕೊಂಡರೆ ಹೊಲಿಯುವಂತಿಲ್ಲ, ಬಿಟ್ಟರೆ ಮರಿಗಳು ನೆಲಕ್ಕೆ.

ಓತಿಕ್ಯಾತ ಅದನ್ನು ನೋಡಿದ. ಈಗ ತನ್ನ ಮೇಲೆಯೇ ಸಿಟ್ಟು ಬಂದು, ತನ್ನ ಬಾಲವನ್ನೇ ಕಚ್ಚಲು ತಿರುಗಿದ.

"ತಡಿ ಮಗಾ" ಎಂದಿತು ಅತ್ತಿ ಮರ. "ಸಿಟ್ಟು ಎಲ್ರಿಗೂ ಬರುತ್ತೆ. ಬಂದಿದ್ದು ತಪ್ಪಲ್ಲ, ಕಚ್ಚಿದ್ದು ತಪ್ಪು. ಬಿರುಗಾಳಿ ಬಂದಾಗ ನಾನೇನು ಮಾಡ್ತೀನಿ? ಬಗ್ತೀನಿ, ಏಳ್ತೀನಿ. ಗಾಳಿ ದಾಟಿ ಹೋಗುತ್ತೆ. ನೀನೂ ಮುಂಗಾಲು ಊರು. ತಲೆ ಎತ್ತಿ ಉಸಿರು ತಗೋ, ತಗ್ಗಿಸಿ ಬಿಡು."

"ಅಷ್ಟೇನಾ ಅಜ್ಜಿ?"

"ಅಷ್ಟೇ. ಬೇಗ ಮಾಡು, ಅವಳ ಕೊಕ್ಕು ಸೋಲ್ತಾ ಇದೆ."

ಎತ್ತಿದ, ತಗ್ಗಿಸಿದ. ಎತ್ತಿದ, ತಗ್ಗಿಸಿದ. ಬಾಲ ತಣ್ಣಗಾಯಿತು, ಹೊಟ್ಟೆ ತಣ್ಣಗಾಯಿತು. ಕೆಂಪೆಲ್ಲ ಕತ್ತಿನಲ್ಲೇ ನಿಂತಿತು, ಬಾಯಿಗೆ ಬರಲಿಲ್ಲ.

ಓಡಿ ಹೋಗಿ ಎಲೆಯ ಅಂಚುಗಳನ್ನು ಮುಂಗಾಲುಗಳಲ್ಲಿ ಅವುಚಿ ಹಿಡಿದ. ಸಿಂಪಿಗಕ್ಕ ಹೊಲಿಯತೊಡಗಿದಳು. ಹೊಲಿಯುತ್ತಾ ಚೆನ್ನಾಗಿಯೇ ಬೈದಳು.

"ಕಣ್ಣು ಕಾಣಲ್ವೇನೋ ನಿಂಗೆ? ಎಲ್ರೂ ಬೇಡ ಅಂದ್ರೂ ನಿನ್ನ ನಂಬಿದೆನಲ್ಲೋ."

ಆ ಮಾತು ಚುಚ್ಚಿತು. ಬಾಲದಲ್ಲಿ ಮತ್ತೆ ಬಿಸಿ ಹುಟ್ಟಿತು. ಎಲೆ ಅಲುಗದ ಹಾಗೆ ಅವನು ಮೆಲ್ಲಗೆ ತಲೆ ಎತ್ತಿದ, ಮೆಲ್ಲಗೆ ತಗ್ಗಿಸಿದ. ಕೊನೆಯ ಹೊಲಿಗೆ ಬೀಳುವವರೆಗೂ ಹಿಡಿತ ಬಿಡಲಿಲ್ಲ.

ಗೂಡಿನೊಳಗೆ ಮರಿಗಳು ಬಾಯಿ ತೆರೆದು ಚೀಂವ್ ಚೀಂವ್ ಎಂದವು. ಸಿಂಪಿಗಕ್ಕ ಹಾರಿಹೋಗಿ ಹುಳು ತಂದಳು. ಮರಿಗಳಿಗೆ ಕೊಟ್ಟು, ಒಂದನ್ನು ಓತಿಕ್ಯಾತನ ಮುಂದೆ ಇಟ್ಟಳು.

"ನೀನೂ ಹಸಿದಿದೀಯ. ತಿನ್ನು."

ಓತಿಕ್ಯಾತ ಹುಳು ತಿಂದ. ಇಷ್ಟು ಮಾಡಿದ ಮೇಲೂ ತನ್ನನ್ನು ಬಿಟ್ಟುಕೊಡದವರು ಇದ್ದಾರಲ್ಲ ಎಂದು ಅವನ ಮನಸ್ಸು ತುಂಬಿಬಂತು. ಅವಳ ಕಡೆ ತಿರುಗಿ ತಲೆ ಎತ್ತಿ ತಗ್ಗಿಸಿದ, ಮರದ ಕಡೆ ತಿರುಗಿ ಎತ್ತಿ ತಗ್ಗಿಸಿದ.

ಅದಕ್ಕೇ ಮಕ್ಕಳೇ, ಕಾಂಪೌಂಡಿನ ಮೇಲೆ ಕೆಂಪು ಕತ್ತಿನ ಓತಿಕ್ಯಾತ ತಲೆ ಆಡಿಸುತ್ತಿದ್ದರೆ ಅಣಕಿಸುತ್ತಿದ್ದಾನೆ ಅಂತ ಕಲ್ಲೆತ್ತಬೇಡಿ. ಬಂದ ಸಿಟ್ಟನ್ನು ಕತ್ತಿನಲ್ಲೇ ನಿಲ್ಲಿಸಿಕೊಂಡು, ಅದನ್ನು ಕಲಿಸಿದ ಅಜ್ಜಿ ಮರಕ್ಕೆ ಅವನು ಇವತ್ತಿಗೂ ನಮಸ್ಕಾರ ಹೇಳುತ್ತಿರುತ್ತಾನೆ.