ಬಾಯಿ ಕಟ್ಟಿಸಿಕೊಂಡ ಸೆನ್ಸರು

ರೇಷ್ಮೆ ನೂಲು ಬಿಚ್ಚುವ ರಾಟೆಯೊಂದನ್ನು ಮೋಟಾರು ತಿರುಗಿಸುತ್ತಿತ್ತು. ಅದರ ಬೆನ್ನಿಗೆ ಕೂತ ಪುಟ್ಟ ಸೆನ್ಸರು ಸುತ್ತುಸುತ್ತಿಗೂ ಹೇಳುತ್ತಿತ್ತು: “ಅಣ್ಣಾ, ಈಗ ನೀನು ಕೂದಲೆಳೆಯಷ್ಟು ಹೆಚ್ಚು ಜಗ್ಗಿಬಿಟ್ಟೆ. ಈಗ ಸ್ವಲ್ಪ ಸಡಿಲ ಬಿಟ್ಟೆ.” ಮೋಟಾರು ಕೇಳಿ ತಿದ್ದಿಕೊಳ್ಳುತ್ತಿತ್ತು. ಎಳೆ ಹರಿಯುವುದೇ ಅಪರೂಪವಾಗಿತ್ತು.

ಒಂದು ದಿನ ಯಜಮಾನಿ ನಸೀಮಾ ನೂಲು ಮುಟ್ಟಿ, “ಬೆಣ್ಣೆ ಥರ ಐತೆ. ಎಲ್ಲಾ ಈ ಮೋಟಾರಿನ ಕೈಗುಣ” ಅಂದಳು.

ಮೋಟಾರು ಉಬ್ಬಿಹೋಯಿತು. “ಕೇಳಿದೆಯಾ? ಇನ್ನು ನನ್ನ ತಪ್ಪು ಎತ್ತಿ ಆಡಬೇಡ. ಎಲ್ಲ ಸರಿಯಾಗಿದೆ ಅಂತಷ್ಟೇ ಹೇಳು.”

“ಸರಿ ಇಲ್ಲದಾಗ?”

“ಆಗಲೂ ಅಷ್ಟೇ. ನನ್ನ ಕೈ ನನಗೆ ಗೊತ್ತು.”

ಸೆನ್ಸರು ದೊಡ್ಡವರ ಮಾತು ಮೀರಲಿಲ್ಲ. ಸುತ್ತುಸುತ್ತಿಗೂ “ಸರಿಯಾಗಿದೆ ಅಣ್ಣಾ” ಎಂದಿತು. ಮೋಟಾರು ಏನನ್ನೂ ತಿದ್ದಿಕೊಳ್ಳಲಿಲ್ಲ. ಮೂರನೆಯ ದಿನ ಎಳೆ ಹರಿಯಿತು. ಗಂಟು ಹಾಕಿದರೆ ಮತ್ತೆ ಹರಿಯಿತು.

ನಸೀಮಾ ಬಗ್ಗಿ ನೋಡಿದಳು. “ರಾಟೆ ಇಷ್ಟು ಕುಲುಕಿದರೂ ಈ ಸೆನ್ಸರು ಒಂದೇ ಥರ ತೋರಿಸ್ತೈತೆ. ಕೆಟ್ಟೋಗೈತೆ” ಎಂದು ಕಿತ್ತು ಗುಜರಿ ಡಬ್ಬಕ್ಕೆ ಹಾಕಿ, ಹೊಸದನ್ನು ಕೂರಿಸಿದಳು.

ಹೊಸದು ಮೊದಲ ಸುತ್ತಿಗೇ, “ಜಗ್ಗಿಬಿಟ್ಟಿರಿ” ಎಂದಿತು.

“ಹೇಳು ತಮ್ಮಾ, ಹೇಳುತ್ತಲೇ ಇರು” ಎಂದಿತು ಮೋಟಾರು.

ಆ ಮಾತು ಕೇಳಬೇಕಾಗಿದ್ದ ಸೆನ್ಸರು ಗುಜರಿ ಡಬ್ಬದಲ್ಲಿತ್ತು.